ಎರೆಹುಳುವಿನ ಅರ್ಜಿ

ಸೆಪ್ಟೆಂಬರ್ 4

ಪ್ರೀತಿಯ ಮಾವ,

ಕ್ಷೇಮವಾಗಿ ಕ್ಯಾಂಪ್ ತಲುಪಿದೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನೀರಿನ ಟ್ಯಾಂಕಿನ ಏಣಿ ಹತ್ತಿ ನಿಂತರೆ ಸಿಗುತ್ತದಂತೆ. ಹತ್ತಿ ನಿಂತರೂ ಏನು ಬಂತು? ಫೋನಿನಲ್ಲಿ ನೀವು "ಹೂಂ, ಹೂಂ, ಆಯ್ತು, ಇಡ್ಲಾ?" ಎನ್ನುವುದು ಬಿಟ್ಟು ಬೇರೇನೂ ಮಾತಾಡುವವರಲ್ಲ. ಕಾಗದದಲ್ಲಾದರೆ ನಿಮಗೆ ಬಾಯಿ ಬರುತ್ತದೆ. ದಿನಸಿ ತರುವ ಲಾರಿಯಲ್ಲೇ ಟಪಾಲು ಬರುತ್ತದೆ, ಹೋಗುತ್ತದೆ. ಆದ್ದರಿಂದ ಬರೆಯಿರಿ.

ನನ್ನದು ತಗಡಿನ ಕೋಣೆ. ನಕ್ಷೆ ಬರೆಯುವ ಹುಡುಗಿಯೊಬ್ಬಳು ಜೊತೆಗಿದ್ದಾಳೆ. ನಿದ್ದೆಯಲ್ಲೂ ಅಳತೆ ಹೇಳುತ್ತಾಳೆ. ಹೊಸ ಹೆದ್ದಾರಿ ಈ ದಿಣ್ಣೆಯ ಮೇಲೇ ಹಾದುಹೋಗುವುದರಿಂದ ಅದು ಬರುವುದರೊಳಗೆ ನಾವು ಅಗೆದು ನೋಡಿ ಮುಗಿಸಬೇಕು. ನನ್ನ ಪಾಲಿಗೆ ಸಾವಿರಾರು ವರ್ಷ ಹಳೆಯದೊಂದು ಮನೆ ಬಂದಿದೆ. ಗೋಡೆ ಉಳಿದಿರುವುದು ಮೊಣಕಾಲೆತ್ತರ. ಆದರೆ ನೆಲ ನೋಡಬೇಕು ಮಾವ. ಅಲ್ಲಿದ್ದವರು ಸುಣ್ಣಮಣ್ಣು ಕಲಸಿ ಅದನ್ನು ಮತ್ತೆ ಮತ್ತೆ ಮೆತ್ತಿದ್ದಾರೆ. ಅಡ್ಡಕ್ಕೆ ಕೊಯ್ದರೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಒಂದು ಕಡೆ ಮಾತ್ರ ಸವೆದು ತಗ್ಗಾಗಿದೆ. ಯಾರೋ ಬಹಳ ಕಾಲ ಅಲ್ಲೇ ಕೂತಿದ್ದಾರೆ.

ಇನ್ನೊಂದು ವಿಷಯ. ನಮ್ಮ ಕ್ಯಾಂಪಿನ ಮುಖ್ಯಸ್ಥೆ ನಿನ್ನೆ ಒಂದು ಹಾಳೆ ತಂದು ಕೈಗಿತ್ತರು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಪುರಾತತ್ವದ ಪಿಎಚ್.ಡಿ.ಗೆ ಒಬ್ಬರು ಬೇಕಂತೆ. ವಿಷಯ, ಹಳೆಯ ಮನೆಗಳ ನೆಲ. ನಾಲ್ಕು ವರ್ಷ, ವಿದ್ಯಾರ್ಥಿವೇತನ ಸಮೇತ. ಓದಿದರೆ ನನ್ನನ್ನೇ ಕೂಗಿ ಕರೆದ ಹಾಗಿತ್ತು. ಆದರೆ ಅಲ್ಲಿಗೆ ಹೋದರೆ ಮನೆಗೆ ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ನನಗೇನೂ ಅಂಥ ಆಸೆ ಇಲ್ಲ. ಸುಮ್ಮನೆ ಹೇಳಿದೆ, ಅಷ್ಟೆ.

ಊಟ ಸರಿಯಾಗಿ ಮಾಡುತ್ತಿದ್ದೀರಾ? ಹೊರಡುವ ದಿನ ಸಿಂಕಿನಲ್ಲಿ ಒಂದು ತಟ್ಟೆ, ಒಂದು ಲೋಟ ಬಿದ್ದಿದ್ದು ನೋಡಿ ಸಂಕಟವಾಯಿತು. ಅಮ್ಮ ಹೋದ ಮೇಲೆ, ನಾನು ಸ್ಕೂಲಿನಿಂದ ಬರುವಾಗ ಮನೆಯಲ್ಲಿ ಯಾರಾದರೂ ಇರಲಿ ಎಂದು ನೀವು ಊರೂರು ಸುತ್ತುವ ಲಾರಿ ಕೆಲಸ ಬಿಟ್ಟು ಡ್ರೈವಿಂಗ್ ಶಾಲೆ ತೆಗೆದಿರಿ. ಈಗ ನೀವು ಬರುವಾಗ ಮನೆಯಲ್ಲಿ ಯಾರಿದ್ದಾರೆ?

ನಿಮ್ಮ
ಎರೆಹುಳು

ಸೆಪ್ಟೆಂಬರ್ 13

ಪ್ರೀತಿಯ ಎರೆಹುಳುವೇ,

ಚಿಕ್ಕಂದಿನಲ್ಲಿ ಆಟದ ಸಾಮಾನಿನ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತು, "ನಂಗೇನೂ ಬೇಡ ಮಾವ, ಸುಮ್ನೆ ನೋಡ್ತಿದೀನಿ" ಅನ್ನುತ್ತಿದ್ದೆ. ನಿನ್ನ ಕಾಗದದಲ್ಲೂ ಅದೇ ರಾಗ. ಆ ಹಾಳೆಯ ವಿಷಯ ಬರೆಯುವಾಗ ನಿನ್ನ ಅಕ್ಷರ ಇದ್ದಕ್ಕಿದ್ದಂತೆ ದುಂಡಗಾಗಿದೆ. ಹಿತ್ತಿಲನ್ನೆಲ್ಲ ತೋಡಿ, ನನ್ನ ಚಪ್ಪಲಿಯನ್ನು ಹೂತಿಟ್ಟು, ಮರುವಾರ ಅದನ್ನೇ "ಸಿಕ್ಕಿತು, ಹಳೇ ಕಾಲದ್ದು" ಎಂದು ತಂದು ತೋರಿಸಿದವಳು ನೀನು. ನಿನಗಲ್ಲದೆ ಇನ್ಯಾರಿಗೆ ಕೊಡುತ್ತಾರೆ? ಅರ್ಜಿ ಹಾಕು. ಕೊನೆಯ ದಿನ ಯಾವತ್ತು, ಏನೇನು ಕೇಳಿದ್ದಾರೆ, ಬರಿ.

ನನ್ನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನಾನು ಈಗ ಬ್ರೆಡ್ಡು ಬಿಟ್ಟಿದ್ದೇನೆ. ಬೇಯಿಸಿದ ತರಕಾರಿ ತಿನ್ನುತ್ತಿದ್ದೇನೆ, ಉಪ್ಪು ಕಡಿಮೆ ಮಾಡಿದ್ದೇನೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬರುತ್ತೇನೆ. ಮುಂದಿನ ಕೋಣೆಗೆ ಪರದೆ ಹಾಕಿಸಿದೆ, ನೀಲಿ ಬಣ್ಣದ್ದು.

ಶಾಲೆ ನಡೆಯುತ್ತಿದೆ. ಮೂಲೆಯ ಔಷಧಿ ಅಂಗಡಿಯ ಮೇಡಂ ಕಾರು ಕಲಿಯುತ್ತಿದ್ದಾರೆ. ಮುದುಕರ ಮನೆಗಳಿಗೆ ತಾವೇ ಔಷಧಿ ಮುಟ್ಟಿಸಬೇಕಂತೆ. ನಮ್ಮ ಮೈದಾನದಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದರಲ್ಲಿ ಎತ್ತಿದ ಕೈ. ಪರೀಕ್ಷೆಯ ಇನ್ಸ್‌ಪೆಕ್ಟರ್ ಬಂದು ಪಕ್ಕದಲ್ಲಿ ಕೂತರೆ ಮಾತ್ರ ನೇರ ಕಂಬಕ್ಕೇ ಹೋಗಿ ಗುದ್ದುತ್ತಾರೆ. ಮೊನ್ನೆ ಮತ್ತೆ ಫೇಲಾದರು. ಈಚೆಗೆ ನನಗೂ ಆ ಅಂಗಡಿಯ ಕಡೆ ಓಡಾಟ ಸ್ವಲ್ಪ ಜಾಸ್ತಿ.

ನಿನ್ನ ಮಾವ

ಸೆಪ್ಟೆಂಬರ್ 27

ಪ್ರೀತಿಯ ಮಾವ,

ಬೇಯಿಸಿದ ತರಕಾರಿ, ಕಡಿಮೆ ಉಪ್ಪು, ಬೆಳಗಿನ ನಡಿಗೆ, ಕಿಟಕಿಗೆ ಪರದೆ, ಔಷಧಿ ಅಂಗಡಿಯ ಕಡೆ ಓಡಾಟ. ನನ್ನ ಕಸುಬೇ ಇದಲ್ಲವೇ? ಅಲ್ಲೊಂದು ಇಲ್ಲೊಂದು ಸಿಕ್ಕ ಚೂರು ಜೋಡಿಸಿ ಇಲ್ಲಿ ಏನು ನಡೆದಿತ್ತೆಂದು ಹೇಳುವುದು. ಹಾಗಾಗಿ ನನ್ನ ಹತ್ತಿರ ಮುಚ್ಚಿಡಬೇಡಿ. ಡಾಕ್ಟರು ಏನಂದರು? ರಕ್ತದೊತ್ತಡವೋ, ಹೃದಯವೋ? ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ, ಪರದೆ ಯಾಕೆ? ನೀವು ಪರದೆ ಹಾಕಿಸುವ ಜನವೇ ಅಲ್ಲ. ಒಮ್ಮೆ ಕಿಟಕಿಯ ಗಾಜು ಒಡೆದಾಗ ವರ್ಷಗಟ್ಟಲೆ ರಟ್ಟು ಅಂಟಿಸಿಕೊಂಡು ಕಳೆದವರು.

ಅರ್ಜಿ ಬರೆಯುತ್ತಿದ್ದೇನೆ. ಅಕ್ಟೋಬರ್ ಹದಿನೈದು ಕೊನೆಯ ದಿನ. ಏನು ಸಂಶೋಧನೆ ಮಾಡುತ್ತೇನೆ ಎಂದು ಎರಡು ಪುಟ ಬರೆಯಬೇಕು, ನನ್ನನ್ನು ಬಲ್ಲ ಇಬ್ಬರಿಂದ ಶಿಫಾರಸು ಪತ್ರ ಬೇಕು. ಮುಖ್ಯಸ್ಥೆ ಒಪ್ಪಿದ್ದಾರೆ. ಅದೆಲ್ಲ ಆಗುತ್ತದೆ ಬಿಡಿ.

ಅಲ್ಲಿ ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟಿಡಿ. ಏನಾದರೂ ಹೆಚ್ಚುಕಡಿಮೆಯಾದರೆ ಬಾಗಿಲು ಒಡೆಯುವ ಹಾಗಾಗಬಾರದು.

ನಿಮ್ಮ
ಎರೆಹುಳು

ಅಕ್ಟೋಬರ್ 6

ಪ್ರೀತಿಯ ಎರೆಹುಳುವೇ,

ನಿನಗೆ ಬುದ್ಧಿ ಕೆಟ್ಟಿದೆಯೇನು? ನಾನು ಗುಂಡುಕಲ್ಲಿನಂತಿದ್ದೇನೆ. ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತದೆ, ಅದಕ್ಕೂ ಡಾಕ್ಟರಿಗೂ ಸಂಬಂಧವಿಲ್ಲ.

ನಿನಗೆ ಒಂದು ವಿಷಯ ಹೇಳುವುದಿದೆ, ನಿಜ. ಆದರೆ ಈಗ ಬೇಡ. ಮೊದಲು ನಿನ್ನ ಅರ್ಜಿ ಹೋಗಲಿ. ಬರೆಯುವ ಹೊತ್ತಿನಲ್ಲಿ ನಿನ್ನ ಮನಸ್ಸು ಕಲಕಬಾರದು. ನೀನು ಮನೆಗೆ ಬಂದಾಗ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳುತ್ತೇನೆ. ಅಂಥದ್ದೇನಿಲ್ಲ. ಈ ವಯಸ್ಸಿನಲ್ಲಿ ಯಾರಿಗಾದರೂ ಆಗಬಹುದಾದದ್ದೇ.

ಎರಡು ಕಾರಿನಲ್ಲಿ ಹಳೆಯದನ್ನು ಮಾರಿಬಿಟ್ಟೆ. ಸಂಜೆಯ ಪಾಠಗಳನ್ನು ನಿಲ್ಲಿಸಿದ್ದೇನೆ. ಇಷ್ಟು ವರ್ಷ ಗೇಯ್ದದ್ದು ಸಾಕು, ಇನ್ನುಳಿದ ಸಂಜೆಗಳನ್ನಾದರೂ ನೆಮ್ಮದಿಯಾಗಿ ಕಳೆಯೋಣ ಅನ್ನಿಸಿದೆ.

ಆ ಎರಡು ಪುಟದಲ್ಲಿ ಚಪ್ಪಲಿ ಹೂತಿಟ್ಟ ಕಥೆ ಬರೆಯುತ್ತೀಯಾ? ಬರೆದರೆ ಕೆಲಸ ಗ್ಯಾರಂಟಿ.

ನಿನ್ನ ಮಾವ

ಅಕ್ಟೋಬರ್ 21

ಮಾವ,

ನಿಮ್ಮ ಕಾಗದವನ್ನು ಮಣ್ಣು ಜರಡಿ ಹಿಡಿಯುವ ಜಾಗದಲ್ಲಿ ನಿಂತು ಓದಿದೆ. ಜೊತೆಯಲ್ಲಿದ್ದ ನಕ್ಷೆಯ ಹುಡುಗಿ ನನ್ನ ಮುಖ ನೋಡಿ ಹೆದರಿ ನೀರು ತಂದುಕೊಟ್ಟಳು.

ಆ ಕೆಲಸಕ್ಕೆ ನಾನು ಅರ್ಜಿ ಹಾಕಲಿಲ್ಲ. ವಿಷಯ ಮೊದಲು ಅಂದುಕೊಂಡಷ್ಟು ಹಿಡಿಸಲಿಲ್ಲ. ಊರೂ ತೀರ ಚಳಿಯಂತೆ. ಕೊನೆಯ ದಿನ ಕಳೆದುಹೋಗಿರುವುದರಿಂದ ಆ ಮಾತು ಮತ್ತೆ ಬೇಡ.

ಬೇರೊಂದು ಯೋಚನೆ ಮಾಡಿದ್ದೇನೆ. ನಮ್ಮೂರಿನ ಮ್ಯೂಸಿಯಂ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸವಿದೆಯಂತೆ. ಅವರಿಗೆ ಬರೆದು ಕೇಳಿದ್ದೇನೆ. ಇಲ್ಲಿಯ ಅಗೆತ ಮುಗಿಯುತ್ತಲೇ ಬಂದು ನಿಮ್ಮ ಜೊತೆಗೇ ಇರುತ್ತೇನೆ. ಡಾಕ್ಟರ ಹತ್ತಿರ ಹೋಗುವುದಿದ್ದರೂ ಕಾರು ನಾನೇ ಓಡಿಸುತ್ತೇನೆ. ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ, ಬ್ರೇಕು ಒತ್ತಬೇಡಿ.

ನೀವು ಹೇಳಬೇಕೆಂದಿರುವ ವಿಷಯ ಎಷ್ಟೇ ಕಷ್ಟದ್ದಾದರೂ ಹೇಳಿ. ನಾನು ಚಿಕ್ಕ ಹುಡುಗಿಯಲ್ಲ.

ನಿಮ್ಮ
ಎರೆಹುಳು

ಅಕ್ಟೋಬರ್ 29

ನನ್ನ ಎರೆಹುಳುವೇ,

ನಿನ್ನ ಕಾಗದ ಬಂದಾಗ ನಾನು ಕಾರಿನಲ್ಲಿ, ಮೇಷ್ಟ್ರ ಸೀಟಿನಲ್ಲಿದ್ದೆ. ಔಷಧಿ ಅಂಗಡಿಯ ಮೇಡಂ ಓಡಿಸುತ್ತಿದ್ದರು. ಟಪಾಲಿನವರು ಸಿಗ್ನಲ್ಲಿನಲ್ಲಿ ಸಿಕ್ಕು ಕಿಟಕಿಯಿಂದಲೇ ಕೊಟ್ಟರು. ಓದಿ ಮುಗಿಸಿ, "ಗಾಡಿ ನಿಲ್ಸಿ" ಅಂದೆ. ನಿಲ್ಲಿಸಿದರು, ರಸ್ತೆಯ ನಟ್ಟನಡುವೆ. ಹಿಂದಿನವರೆಲ್ಲ ಹಾರನ್ ಬಾರಿಸತೊಡಗಿದರು.

"ಏನಾಯ್ತು? ಮುಖ ಯಾಕೆ ಹಿಂಗಾಯ್ತು?"

"ನಾನು ಸಾಯ್ತಿದೀನಿ ಅಂದ್ಕೊಂಡಿದಾಳೆ ನಮ್ಮ ಹುಡುಗಿ. ಅದಕ್ಕೇ ಅರ್ಜಿ ಹಾಕಿಲ್ಲ."

ಅವರು ಕಾಗದ ಇಸಿದುಕೊಂಡು ಓದಿದರು. ನೀನು ಹಿಂದೆ ಬರೆದಿದ್ದನ್ನೂ ಬಾಯಲ್ಲಿ ಹೇಳಿದೆ. ಕಾಗದ ಮಡಚಿ ನನ್ನ ಕೈಗಿಟ್ಟು, "ಉಪ್ಪು ಕಡಿಮೆ ಮಾಡಿ ಅಂದವಳು ನಾನು. ಪರದೆ ಆರಿಸಿದವಳು ನಾನು. ಬೆಳಿಗ್ಗೆ ಎಬ್ಬಿಸಿ ನಡೆಸಿದವಳೂ ನಾನೇ. ಅಂದ್ರೆ ಆ ಹುಡುಗಿ ಕಂಡುಹಿಡಿದಿರೋ ಕಾಯಿಲೆ ನಾನು" ಅಂದರು. ನಗುತ್ತಾರೆಂದುಕೊಂಡೆ. ನಗಲಿಲ್ಲ. "ನೀವು ಹೇಳ್ತೀರೋ, ನಾನೇ ಬರೀಲೋ?" ಅಂದರು.

ಹೇಳುತ್ತಿದ್ದೇನೆ. ನಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ಐವತ್ತು ದಾಟಿದವನಿಗೆ ಇದೇನು ಹುಚ್ಚು ಎಂದು ನಿನಗೆ ಅನ್ನಿಸಬಹುದು. ನನಗೂ ಅನ್ನಿಸುತ್ತದೆ, ಆದರೆ ಬೆಳಿಗ್ಗೆ ಏಳುವಾಗ ಖುಷಿಯಾಗಿ ಏಳುತ್ತೇನೆ. ಎದೆ ಬಡಿದುಕೊಳ್ಳುವುದು ಅದಕ್ಕೆ. ಸಂಜೆಯ ಪಾಠ ಬಿಟ್ಟಿದ್ದೂ ಅದಕ್ಕೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಆ ಮನೆಯಲ್ಲಿ ಇಷ್ಟು ಕಾಲ ಇದ್ದವರು ನಾನು, ನೀನು. ಇನ್ನೊಬ್ಬರು ಬಂದರೆ ನೀನು ನಿನ್ನ ಮನೆಗೇ ನೆಂಟಳ ಹಾಗೆ ಬರಬೇಕಾದೀತು ಎಂದು ಹೆದರಿದೆ. ಅರ್ಜಿ ಬರೆಯುವಾಗ ಅದೊಂದು ಕೊರಗು ಬೇಡ ಎಂದು ಬಾಯಿ ಹೊಲಿದುಕೊಂಡೆ. ಬಾಯಿ ಹೊಲಿದುಕೊಂಡು ಮಾಡಿದ ಘನಕಾರ್ಯ ಇದು.

ಕೊನೆಯ ದಿನ ನಿಜವಾಗಿಯೂ ಕಳೆದಿದೆಯೇ? ಒಂದು ಮಾತು ಕೇಳಿ ನೋಡಲು ಆಗುವುದಿಲ್ಲವೇ?

ನಿನ್ನ ಮಾವ

ನವೆಂಬರ್ 7

ಮಾವ,

ನಿಮಗೆ ಏನೂ ಆಗಿಲ್ಲ ಎಂದು ಓದಿದಾಗ ಹೋದ ಜೀವ ಬಂದ ಹಾಗಾಯಿತು. ನಿಂತಲ್ಲೇ ನಕ್ಕೆ. ಆಮೇಲೆ ಟ್ಯಾಂಕಿನ ಏಣಿ ಹತ್ತಿ ಆ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಆಫೀಸಿನಾಕೆ ತುಂಬಾ ಮರ್ಯಾದೆಯಿಂದ, ಅರ್ಜಿಗಳ ಪರಿಶೀಲನೆ ಮುಗಿದಿದೆ, ಕ್ಷಮಿಸಿ ಅಂದರು. ಏಣಿ ಇಳಿಯುವಾಗ ನಗು ಬರಲಿಲ್ಲ.

ನಿಮ್ಮ ಸುಖ ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಾಲ್ಕು ಸಾಲು, ಬರೀ ನಾಲ್ಕು ಸಾಲು ಸರಿಯಾಗಿ ಬರೆದಿದ್ದರೆ ಸಾಕಿತ್ತು. "ಈ ವಯಸ್ಸಿನಲ್ಲಿ ಯಾರಿಗಾದರೂ ಆಗಬಹುದಾದದ್ದೇ" ಎಂದು ಯಾರಾದರೂ ಮದುವೆಯ ಸುದ್ದಿ ಬರೆಯುತ್ತಾರೆಯೇ? ನಿಮ್ಮ ಒಂದು ನೀಲಿ ಪರದೆಗೆ ನನ್ನ ನಾಲ್ಕು ವರ್ಷ ಹೋಯಿತು.

ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸಿ. ಅವರನ್ನು ಕಾಯಿಲೆ ಅಂದುಕೊಂಡಿದ್ದಕ್ಕೆ ಕ್ಷಮೆ ಕೇಳಿದೆನೆಂದು ಹೇಳಿ.

ಎರೆಹುಳು

ನವೆಂಬರ್ 16

ಪ್ರೀತಿಯ ಎರೆಹುಳುವೇ,

ಬೈದದ್ದು ಸರಿಯಾಗಿಯೇ ಬೈದಿದ್ದೀಯ. ತಲೆ ಬಗ್ಗಿಸಿ ಓದಿಕೊಂಡೆ.

ಆದರೂ ಒಂದು ಮಾತು ಕೇಳದೆ ಇರಲಾರೆ. ಇನ್ನೂ ಹೆಚ್ಚು ಕೋಪ ಬಂದರೆ ಬರಲಿ. ನನಗೆ ಕಾಯಿಲೆ ಎಂದು ನಿನಗೆ ಅನುಮಾನ ಬಂದದ್ದು ನನ್ನ ಉತ್ತರ ಓದಿದ ಮೇಲೆ. ಆದರೆ "ನನಗೇನೂ ಅಂಥ ಆಸೆ ಇಲ್ಲ" ಎಂದು ನೀನು ಅದಕ್ಕೂ ಮೊದಲೇ ಬರೆದಿದ್ದೆ. ಆಗ ನಾನು ನಿನ್ನ ಕಣ್ಣಿಗೂ ಗಟ್ಟಿಮುಟ್ಟಾಗಿಯೇ ಇದ್ದೆ. ನನ್ನ ಕಾಯಿಲೆ ಸಿಗದೇ ಹೋಗಿದ್ದರೆ ಇನ್ನೇನು ಹುಡುಕಿಕೊಳ್ಳುತ್ತಿದ್ದೆ?

ವರ್ಷಗಟ್ಟಲೆ ಕಲಿಯುವವರ ಪಕ್ಕದಲ್ಲಿ ಕೂತವನು ನಾನು. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡವರು, "ರಸ್ತೇಲಿ ಜನ ಜಾಸ್ತಿ ಸಾರ್" ಅನ್ನುತ್ತಾರೆ. ನೋಡಿದರೆ ರಸ್ತೆ ಖಾಲಿ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ನಿಜವಾಗಿಯೂ ಜನ ಕಾಣುತ್ತಾರೆ. ನೀನು ಆರು ವರ್ಷದಿಂದ ಬೇರೆಯವರ ಹೆಸರಿನ ವರದಿಗಳಿಗಾಗಿ ಮಣ್ಣು ಹೊತ್ತಿದ್ದೀಯ. ಒಮ್ಮೆಯೂ ಮುಂದೆ ಬಂದು ಇದು ನನ್ನದು ಅನ್ನಲಿಲ್ಲ. ಅರ್ಜಿ ಹಾಕಿದರೆ ಬೇಡ ಅಂದಾರು ಎಂಬ ಭಯವೇ?

ತಪ್ಪಾಗಿದ್ದರೆ ಕಿವಿ ಹಿಂಡು.

ನಿನ್ನ ಮಾವ

ಡಿಸೆಂಬರ್ 6

ಎರೆಹುಳುವೇ,

ಎಷ್ಟೋ ಲಾರಿಗಳು ಬಂದುಹೋಗಿರಬೇಕು. ನಿನ್ನ ಕಾಗದ ಇಲ್ಲ. ಮೇಡಂ ನನ್ನ ಹಿಂದಿನ ಕಾಗದದಲ್ಲಿ ಏನಿತ್ತೆಂದು ಕೇಳಿದರು. ಹೇಳಿದೆ. "ಒಂದೇ ಸಲಕ್ಕೆ ಇಷ್ಟು ಕೊಟ್ರಾ? ಅರ್ಧರ್ಧ ಕೊಡಬೇಕಿತ್ತು, ಅದೂ ಊಟ ಆದ್ಮೇಲೆ" ಅಂದರು.

ಏನೂ ಬರೆಯುವುದು ಬೇಡ. ಖಾಲಿ ಹಾಳೆ ಮಡಚಿ ಕಳಿಸು, ಬೈಗುಳವನ್ನು ನಾನೇ ತುಂಬಿಕೊಳ್ಳುತ್ತೇನೆ. ಚೆನ್ನಾಗಿದ್ದೀಯೆಂದು ಗೊತ್ತಾದರೆ ಸಾಕು.

ಮಾವ

ಡಿಸೆಂಬರ್ 19

ಪ್ರೀತಿಯ ಮಾವ,

ಚೆನ್ನಾಗಿದ್ದೇನೆ. ಕೋಪ ಬಂದಿತ್ತು, ಹೌದು. ನೀವು ಬರೆದದ್ದು ಸುಳ್ಳಾಗಿದ್ದರೆ ಅವತ್ತೇ ಉತ್ತರ ಬರೆಯುತ್ತಿದ್ದೆ.

ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಹಳ ದಿನ ಓಡಾಡಿದೆ. ಒಂದು ಮಧ್ಯಾಹ್ನ ಮುಖ್ಯಸ್ಥೆಯ ಬಳಿ ಹೋಗಿ, ಇಂಥ ಕೆಲಸ ಇನ್ನೆಲ್ಲಾದರೂ ಇದೆಯೇ ಎಂದು ಕೇಳಿದೆ. ಅವರು ತಲೆಯೆತ್ತದೆ ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದುಕೊಟ್ಟರು. "ಕೇಳ್ಲಿ ಅಂತ ಕಾಯ್ತಿದ್ದೆ" ಅಂದರು. ಅದು ಬೇರೆ ವಿಶ್ವವಿದ್ಯಾಲಯ. ಇಲ್ಲಿ ಮಣ್ಣಿನ ತುಣುಕುಗಳನ್ನು ಗಾಜಿನಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಮನೆಯೊಳಗೆ ಜನ ಏನೇನು ಮಾಡುತ್ತಿದ್ದರೆಂದು ತಿಳಿಯಬೇಕು. ಇದಕ್ಕೂ ವಿದ್ಯಾರ್ಥಿವೇತನವಿದೆ, ಆದರೆ ಒಬ್ಬರಿಗೆ ಮಾತ್ರ.

ಎರಡು ಪುಟ ಬರೆದು ತೋರಿಸಿದೆ. ಮುಖ್ಯಸ್ಥೆ ಕೆಂಪು ಪೆನ್ನು ತೆಗೆದುಕೊಂಡು ಒಂದೇ ಒಂದು ಪದವನ್ನು ಹೊಡೆದುಹಾಕುತ್ತ ಹೋದರು. "ಬಹುಶಃ." ಪ್ರತಿ ಸಾಲಿನಲ್ಲೂ ಅದೇ ಇತ್ತು. ಬಹುಶಃ ಇಲ್ಲಿ ಒಲೆ ಇತ್ತು, ಬಹುಶಃ ನಾನು ಈ ಕೆಲಸಕ್ಕೆ ತಕ್ಕವಳು. "ಒಲೆಗೆ ಬಹುಶಃ ಇರ್ಲಿ. ನಿನಗೆ ಬೇಡ" ಅಂದರು.

ಎರಡನೆಯ ಶಿಫಾರಸಿಗೆ ನನ್ನ ಹಳೆಯ ಮೇಷ್ಟ್ರನ್ನು ಹುಡುಕಬೇಕಾಯಿತು. ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಏಣಿ ಹತ್ತಿ ಫೋನು ಮಾಡಿದರೆ, "ನೀನಾ? ಇಷ್ಟು ವರ್ಷ ಎಲ್ಲಿದ್ದೆ?" ಎಂದು ಮೊದಲು ಗದರಿಸಿ ಆಮೇಲೆ ಒಪ್ಪಿದರು. ನಿನ್ನೆ ಲಾರಿಯ ಡ್ರೈವರ್ ಜೊತೆ ಪೇಟೆಗೆ ಹೋಗಿ, ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕಳಿಸಿದೆ. ಬೇಡ ಅಂದರೆ ಅನ್ನಲಿ.

ಚಪ್ಪಲಿಯ ಕಥೆ ಬರೆಯಲಿಲ್ಲ.

ಜನವರಿ ಕೊನೆಗೆ ಮನೆಗೆ ಬರುತ್ತೇನೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿ ಬೇಕಲ್ಲವೇ? ನಾನು ಸಹಿ ಹಾಕದೆ ಅದು ಹೇಗೆ ಮದುವೆಯಾಗುತ್ತದೋ ನೋಡುತ್ತೇನೆ.

ನಿಮ್ಮ
ಎರೆಹುಳು

ಫೆಬ್ರವರಿ 20

ಪ್ರೀತಿಯ ಎರೆಹುಳುವೇ,

ನಮ್ಮ ಮದುವೆಗೆ ಸಹಿ ಹಾಕಿ ನೀನು ಹೊರಟ ಮೇಲೆ ಮನೆ ಭಣಗುಡುತ್ತಿದೆ. ಇಬ್ಬರಿದ್ದರೂ ಭಣಗುಡುತ್ತದೆ, ಇದು ನನಗೆ ಹೊಸ ವಿಷಯ.

ಮೊದಲೆರಡು ದಿನ ನೀನು ಮೇಡಂ ಹತ್ತಿರ ಅಳೆದು ಸುರಿದು ಮಾತಾಡುತ್ತಿದ್ದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯೆ ಬಂದು ಏನಾದರೂ ತಮಾಷೆ ಮಾಡೋಣವೆಂದರೆ, "ನೀವು ಸುಮ್ನಿರಿ, ಅವರವರಿಗೆ ಅವರವರ ಹೊತ್ತು ಬೇಕು" ಎಂದು ನನ್ನನ್ನೇ ಆಚೆ ಕಳಿಸಿದರು. ಆಮೇಲೆ ಒಂದು ಮಧ್ಯಾಹ್ನ ಪಾಠ ಮುಗಿಸಿ ಬಂದರೆ ನೀವಿಬ್ಬರೂ ಔಷಧಿ ಅಂಗಡಿಯ ಗಲ್ಲೆಯ ಹಿಂದೆ ಕೂತು ನಗುತ್ತಿದ್ದಿರಿ. ಏನು ನಡೆಯಿತೆಂದು ಇವತ್ತಿಗೂ ಇಬ್ಬರೂ ಹೇಳಿಲ್ಲ.

ಸಂದರ್ಶನಕ್ಕೆ ಕರೆದ ಸುದ್ದಿ ತಿಳಿದು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಜ್ವರದ ಮಾತ್ರೆಗೆ ಬಂದವರೂ ನಿನಗೆ ಒಳ್ಳೆಯದಾಗಲಿ ಎಂದು ಹರಸಿಹೋಗುತ್ತಿದ್ದಾರೆ. ಬಿಸಿ ಬಟ್ಟೆ ಹಾಕಿಕೋ. ರೈಲಿನಲ್ಲಿ ಕಿಟಕಿಯ ಪಕ್ಕ ಕೂರಬೇಡ, ನಿನಗೆ ಗಂಟಲು ಕಟ್ಟುತ್ತದೆ.

ನಿನ್ನ ಮಾವ

ಮಾರ್ಚ್ 12

ಪ್ರೀತಿಯ ಮಾವ,

ಸಂದರ್ಶನ ಮುಗಿಯಿತು. ಕ್ಯಾಂಪಿಗೆ ವಾಪಸು ಹೋಗುವ ರೈಲಿಗೆ ಇನ್ನೂ ಹೊತ್ತಿದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಮಧ್ಯಾಹ್ನದ ಕಥೆ ಹೇಳಿಬಿಡುತ್ತೇನೆ. ಮೇಡಂ ನನ್ನನ್ನು ಗಲ್ಲೆಯ ಆಚೆ ನಿಲ್ಲಿಸಿ, "ಈಗ ನಾನು ಪ್ರೊಫೆಸರು, ನೀವು ಅಭ್ಯರ್ಥಿ. ಹೇಳಿ, ಹಳೇ ನೆಲ ನೋಡಿ ಏನು ಸಿಗತ್ತೆ?" ಎಂದು ಕೇಳಿದರು. ನಾನು ಶುರುಮಾಡಿದೆ. ಸ್ವಲ್ಪ ಹೊತ್ತಿಗೇ ಕೈ ಅಡ್ಡ ಹಿಡಿದು, "ಉದ್ದ ಆಯ್ತು. ಕೆಮ್ಮಿಗೆ ಔಷಧಿ ಕೇಳೋಕೆ ಬಂದವ್ರಿಗೆ ಗಂಟಲಿನ ಚರಿತ್ರೆ ಹೇಳ್ಬಾರ್ದು. ಇನ್ನೊಂದ್ಸಲ" ಅಂದರು. ಅಷ್ಟರಲ್ಲಿ ನಿಜವಾಗಿಯೂ ಕೆಮ್ಮುತ್ತ ಒಬ್ಬರು ಬಂದರು. ಮೇಡಂ ಅವರನ್ನೂ ಸ್ಟೂಲಿನ ಮೇಲೆ ಕೂರಿಸಿ ಪ್ರಶ್ನೆ ಕೇಳಿಸಿದರು. ಅವರು ಪಾಪ, "ನಿಮ್ಗೆ ಮಣ್ಣು ಅಂದ್ರೆ ಅಷ್ಟ್ಯಾಕೆ ಇಷ್ಟ?" ಅಂದರು. ಮೂವರೂ ನಕ್ಕೆವು. ಆಮೇಲೆ ಅಂಗಡಿ ಖಾಲಿಯಾದಾಗ ಮೇಡಂ ನಿಧಾನವಾಗಿ, "ಇನ್ಸ್‌ಪೆಕ್ಟರ್ ಪಕ್ಕ ಬಂದು ಕೂತ ಕೂಡ್ಲೇ ನನಗೆ ಕೈಕಾಲು ಬೇರೆಯವ್ರದ್ದು ಅನ್ಸತ್ತೆ. ನಿನಗೂ ಹಂಗೇನಾ?" ಎಂದು ಕೇಳಿದರು. ಹೌದು ಅಂದೆ. ಅಷ್ಟು ಸಲೀಸಾಗಿ ಅದನ್ನು ನಾನು ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ, ನಿಮ್ಮ ಹತ್ತಿರವೂ.

ಇವತ್ತು ಉದ್ದನೆಯ ಮೇಜಿನ ಆಚೆ ನಾಲ್ವರಿದ್ದರು. ಆರು ವರ್ಷ ಅಗೆದರೂ ನಿಮ್ಮ ಹೆಸರಿನಲ್ಲಿ ಒಂದು ಬರಹವೂ ಇಲ್ಲವಲ್ಲ ಎಂದು ಒಬ್ಬರು ಕೇಳಿದರು. ವರದಿಗಳು ನಮ್ಮನ್ನು ಅಗೆತಕ್ಕೆ ಇಟ್ಟುಕೊಂಡ ಕಂಪನಿಯ ಹೆಸರಿನಲ್ಲಿ ಹೋಗುತ್ತವೆ, ಅದರಲ್ಲಿ ನೆಲದ ಅಧ್ಯಾಯಗಳೆಲ್ಲ ನಾನು ಬರೆದದ್ದು ಅಂದೆ. ಹೀಗೆ ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಆಮೇಲೆ ಪ್ರೊಫೆಸರ್ ಒಂದು ಚಿತ್ರ ತೋರಿಸಿದರು. ನೆಲದ ಎರಡು ಪದರಗಳ ನಡುವೆ ಬೆಳ್ಳಗಿನ ತೆಳು ಗೆರೆ. ಬೂದಿ ಅಂದೆ. "ಇನ್ನೊಮ್ಮೆ ನೋಡಿ" ಅಂದರು. ಓಡಿಹೋಗಬೇಕು ಅನ್ನಿಸಿತು. ಆದರೂ ಬಗ್ಗಿ ನೋಡಿದೆ. ಗೆರೆಯೊಳಗೆ ಸಣ್ಣ ಸಣ್ಣ ಕಡ್ಡಿಗಳು ಒಂದೇ ದಿಕ್ಕಿಗೆ ಮಲಗಿದ್ದವು. "ತಪ್ಪು ಹೇಳಿದೆ. ಇದು ಬೂದಿ ಅಲ್ಲ, ಚಾಪೆ. ಹುಲ್ಲಿನ ಚಾಪೆ ಕೊಳೆತು ಹೋಗಿ ಅದರ ಗುರುತು ಮಾತ್ರ ಉಳಿದಿದೆ" ಅಂದೆ. ಪ್ರೊಫೆಸರ್ ಏನೋ ಬರೆದುಕೊಂಡರು. ಒಳ್ಳೆಯದನ್ನು ಬರೆದುಕೊಂಡರೋ ಕೆಟ್ಟದ್ದನ್ನೋ ಗೊತ್ತಿಲ್ಲ.

ಹೊರಗೆ ನನ್ನಂತೆಯೇ ಕಾಯುತ್ತಿದ್ದವರು ಇನ್ನೂ ನಾಲ್ಕೈದು ಜನ. ಎಲ್ಲರೂ ನನಗಿಂತ ಚಿಕ್ಕವರು, ಎಲ್ಲರ ಬೂಟುಗಳೂ ಹೊಳೆಯುತ್ತಿದ್ದವು. ನನ್ನ ಬೂಟಿನ ಅಂಚಿನಲ್ಲಿ ಇನ್ನೂ ದಿಣ್ಣೆಯ ಮಣ್ಣಿತ್ತು. ಸಿಗುತ್ತದೆಂದು ಹೇಳಲಾರೆ. ಆದರೆ ಒಂದು ಸಲವೂ ಬಾಗಿಲ ಕಡೆ ನೋಡಲಿಲ್ಲ ಮಾವ.

ಮೇಡಂಗೆ ಈ ಕಾಗದ ಓದಿ ಹೇಳಿ. ಅಡ್ಡಿಯಿಲ್ಲ.

ನಿಮ್ಮ
ಎರೆಹುಳು

ಏಪ್ರಿಲ್ 15

ಮಾವ, ಅತ್ತೆ,

ಸಿಕ್ಕಿತು.

ಮುಖ್ಯಸ್ಥೆ ಪೇಟೆಯಿಂದ ಬಂದವರು ಗುಂಡಿಯ ಅಂಚಿನಲ್ಲಿ ನಿಂತು ಕೂಗಿ ಹೇಳಿದರು. ನಾನು ಕರಣಿ ಹಿಡಿದು ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ಎದ್ದು ನಿಲ್ಲಲು ಹೋದರೆ ಕಾಲು ಜೋಮು ಹಿಡಿದಿತ್ತು, ಅಲ್ಲೇ ಕೂತುಬಿಟ್ಟೆ. ನಕ್ಷೆಯ ಹುಡುಗಿ ಓಡಿಬಂದು ತಬ್ಬಿಕೊಂಡಳು. ಪ್ರೊಫೆಸರ್ ಪತ್ರದ ಕೆಳಗೆ ಕೈಯಿಂದ ಒಂದು ಸಾಲು ಬರೆದಿದ್ದಾರೆ: "ತಪ್ಪಾಯಿತು ಎಂದು ಹೇಳಿ ಮತ್ತೆ ನೋಡುವವರು ನನಗೆ ಬೇಕಿತ್ತು."

ಸೆಪ್ಟೆಂಬರಿನಲ್ಲಿ ಸೇರಬೇಕು. ಇಲ್ಲಿಯ ಕೆಲಸ ಜೂನ್‌ಗೆ ಮುಗಿಯುತ್ತದೆ. ನಡುವೆ ಇರುವ ದಿನಗಳೆಲ್ಲ ಮನೆಯಲ್ಲಿ. ಮ್ಯೂಸಿಯಂ ಗೋದಾಮಿನವರಿಗೆ ಬರುವುದಿಲ್ಲವೆಂದು ಬರೆದೆ.

ನಿಮ್ಮಿಬ್ಬರ
ಎರೆಹುಳು

ಏಪ್ರಿಲ್ 24

ನಮ್ಮ ಎರೆಹುಳುವೇ,

ನಿನ್ನ ಕಾಗದ ಅಂಗಡಿಗೇ ಬಂತು. ನಾನು ಅಲ್ಲೇ ಇದ್ದೆ. ಒಡೆದು ಮೊದಲ ಎರಡು ಪದ ಓದಿದೆ. "ಮಾವ, ಅತ್ತೆ." ಅಷ್ಟೇ ಓದಿ ಮಡಚಿಟ್ಟುಬಿಟ್ಟೆ. ಆಯಿತು, ಸಿಗಲಿಲ್ಲ, ಹುಡುಗಿ ಅತ್ತಿದ್ದಾಳೆ, ಅತ್ತದ್ದನ್ನೇ ಮೊದಲು ಬರೆದಿದ್ದಾಳೆ ಅಂದುಕೊಂಡೆ. ಸ್ಟೂಲಿನ ಮೇಲೆ ಕೂತೆ.

"ಏನಂತೆ?" ಎಂದು ಇವಳು ಕೇಳಿದಳು.

"ಸಿಗ್ಲಿಲ್ಲ. ತುಂಬಾ ಅತ್ತಿದಾಳೆ ಪಾಪ. ಪೂರ್ತಿ ಓದೋಕೆ ನನ್ನಿಂದಾಗಲ್ಲ, ನೀನೇ ಓದು."

ಕಾಗದ ಬಿಡಿಸಿ ನೋಡಿದಳು. ಬಹಳ ಹೊತ್ತು ಆ ಮೊದಲ ಸಾಲನ್ನೇ ನೋಡುತ್ತ ನಿಂತಳು.

"ಅವಳು ಅತ್ತಿಲ್ಲ ಕಣ್ರೀ. ಅತ್ತೆ ಅಂದ್ರೆ ನಾನು" ಅಂದಳು.

ಆಮೇಲೆ ಮುಂದಿನದನ್ನು ಓದಿದಳು, ಗಟ್ಟಿಯಾಗಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ದಿನ ಹೋಗು ಹೋಗು ಎಂದು ನಿನ್ನನ್ನು ತಳ್ಳಿದವನು ನಾನೇ. ಹೋಗುತ್ತೀಯ ಎಂದು ಖಾತ್ರಿಯಾದ ಗಳಿಗೆಯಲ್ಲಿ ಮಾತ್ರ ಚಪ್ಪಾಳೆ ತಟ್ಟದೆ ಕೂತೇ ಇದ್ದೆ. ಇದನ್ನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟರೆ ನೀನು ಇನ್ನೇನೋ ಕಾಯಿಲೆ ಕಂಡುಹಿಡಿಯುತ್ತೀಯ. ನನಗೆ ಬೇಜಾರಾಗುತ್ತದೆ, ತುಂಬಾ ಆಗುತ್ತದೆ, ಆದರೂ ನೀನು ಹೋಗಬೇಕು.

ಇವಳು ಒಳಗೆ ಔಷಧಿ ಜೋಡಿಸುವ ನೆಪದಲ್ಲಿ ಬೀರುವಿನ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ. ಕೊನೆಗೂ ನಿಜವಾಗಿ ಅತ್ತವಳು ಅವಳೊಬ್ಬಳೇ.

ಜೂನ್‌ನಲ್ಲಿ ಯಾವ ರೈಲಿಗೆ ಬರುತ್ತೀಯ, ಮೊದಲೇ ಬರಿ. ಇಬ್ಬರೂ ಸ್ಟೇಷನ್ನಿಗೆ ಬರುತ್ತೇವೆ.

ನಿನ್ನ
ಮಾವ, ಅತ್ತೆ